ಕಡಲಿನ ತಳ ಕೆರೆದವರ ಲೆಕ್ಕ ಕೇಳುವವರಾರು?

(ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಗಳಲ್ಲಿ ಮಾಡಿದ ಭಾಷಣ)



ಈ ಸಭೆಯ ಕರಪತ್ರವನ್ನು ಕಂಡು ಕೆಲವರು ನಕ್ಕರಂತೆ. "ಮಂಡ್ಯಕ್ಕೂ ಸಮುದ್ರಕ್ಕೂ ಏನಯ್ಯಾ ನಂಟು? ಕಬ್ಬಿನ ಬಾಕಿ ಕೇಳುವುದನ್ನು ಬಿಟ್ಟು ಮೇಷ್ಟ್ರು ಮೀನಿನ ಪಾಠಕ್ಕೆ ಹೊರಟಿದ್ದಾರೆ" ಎಂದರಂತೆ. ನಗಲಿ. ಆದರೆ ನಕ್ಕವರ ಮನೆಯಲ್ಲಿ ವಾರಕ್ಕೊಮ್ಮೆ ಮುದ್ದೆಯ ಪಕ್ಕದಲ್ಲಿ ಒಣಮೀನಿನ ಸಾರು ಇರುತ್ತದೆಯೋ ಇಲ್ಲವೋ ಎಂದು ಅವರೇ ಹೇಳಲಿ. ನಮ್ಮ ಸಂತೆಗಳಲ್ಲಿ ಗೋಣಿತಟ್ಟು ಹಾಸಿಕೊಂಡು ಒಣಮೀನು ಮಾರುವ ಹೆಂಗಸರನ್ನು ಕೇಳಿರಿ. ಮೊದಲು ಎಂಥ ಮೀನು ಬರುತ್ತಿತ್ತು, ಈಗ ಎಂಥದು ಬರುತ್ತಿದೆ, ಮೊದಲು ಏನು ಬೆಲೆ, ಈಗ ಏನು ಬೆಲೆ ಎಂದು ಅವರು ಹೇಳುತ್ತಾರೆ. ಸಮುದ್ರ ನಮ್ಮ ಅಡಿಗೆಮನೆಯವರೆಗೂ ಬಂದಿದೆ. ನಾವು ಮಾತ್ರ ಸಮುದ್ರದ ವಿಷಯ ನಮ್ಮದಲ್ಲವೆಂದು ಕುಳಿತಿದ್ದೇವೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಕರ್ನಾಟಕದ ಭೂಪಟ ತೂಗುಹಾಕಿ, ನಮ್ಮ ಕರಾವಳಿಯ ಉದ್ದ 320 ಕಿಲೋಮೀಟರ್ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಮೂರು ಜಿಲ್ಲೆ. ಆ ಗೆರೆಯ ಪಶ್ಚಿಮಕ್ಕೆ ಇದ್ದದ್ದು ಬರೀ ನೀಲಿ ಬಣ್ಣ. ಆ ನೀಲಿಯ ಕೆಳಗೆ ಏನಿದೆ, ಅದು ಯಾರದು, ಅದನ್ನು ಯಾರು ಕೆಡಿಸಿದರೆ ಯಾರು ಕೇಳಬೇಕು ಎಂಬುದನ್ನು ನಾವೂ ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಆ ಬಾಕಿ ಪಾಠವನ್ನು ಈ ದಿನ ಹೇಳುತ್ತಿದ್ದೇವೆ.

ಎಳೆಬಲೆ ಎಂದರೇನು?

ಟ್ರಾಲ್ ಬೋಟು ಎಂಬ ಯಂತ್ರದ ದೋಣಿ ಇದೆ. ಅದರ ಹಿಂದೆ ದೊಡ್ಡ ಚೀಲದ ಆಕಾರದ ಬಲೆ. ಬಲೆಯ ಬಾಯಿ ಅಗಲವಾಗಿ ತೆರೆದಿರಲೆಂದು ಎರಡು ಕಡೆ ಎರಡು ಭಾರದ ಹಲಗೆಗಳು. ಅಡಿಯಲ್ಲಿ ತೂಕದ ಹಗ್ಗ ಅಥವಾ ಸರಪಳಿ. ಬೋಟು ಗಂಟೆಗಟ್ಟಲೆ ಇದನ್ನು ಸಮುದ್ರದ ತಳದ ಮೇಲೆ ಎಳೆಯುತ್ತದೆ. ಸಿಗಡಿ ಬೇಕೆಂದು ಎಳೆಯುತ್ತಾರೆ. ಬಲೆಗೆ ಸಿಗಡಿ ಒಂದೇ ಬರುವುದಿಲ್ಲ. ಬೊಂಡಾಸು, ತೊರಕೆ, ಏಡಿ, ಶಂಖ, ನಕ್ಷತ್ರಮೀನು, ಇವುಗಳ ಜೊತೆಗೆ ಬೆರಳುದ್ದವೂ ಬೆಳೆಯದ ಮರಿಮೀನು, ಎಲ್ಲವೂ ಬರುತ್ತವೆ. ತಳದ ಮಣ್ಣು ಕದಡುತ್ತದೆ. ಮೀನು ಮೊಟ್ಟೆಯಿಡುವ, ಮರಿ ಅಡಗುವ, ಹುಳು ಹುಪ್ಪಟೆ ಬದುಕುವ ಜಾಗ ಕಿತ್ತು ಹೋಗುತ್ತದೆ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕೆರೆಗೆ ಮರಿ ಬಿಟ್ಟ ಮೂರನೆಯ ತಿಂಗಳಿಗೇ ಸೊಳ್ಳೆಪರದೆ ಹಾಕಿ ಗೋರಿದ ಹಾಗೆ. ಮದ್ದೂರು ಕೆರೆಯಲ್ಲಾಗಲಿ ಮಳವಳ್ಳಿ ಕೆರೆಯಲ್ಲಾಗಲಿ ಯಾರಾದರೂ ಹೀಗೆ ಮಾಡಿದರೆ ಊರವರು ಬಿಡುತ್ತಾರೆಯೆ? ಬಿತ್ತನೆಯ ರಾಗಿಯನ್ನು ಬೀಸಿಕೊಂಡು ತಿಂದವನು ಮುಂದಿನ ವರ್ಷ ಏನು ಬಿತ್ತುತ್ತಾನೆ?

ಇನ್ನೊಂದು ಬಗೆ ಇದೆ. ಎರಡು ಬೋಟುಗಳು ಜೊತೆಯಾಗಿ ಒಂದೇ ಬಲೆಯನ್ನು ಎಳೆಯುವುದು. ಇದಕ್ಕೆ ಬುಲ್ ಟ್ರಾಲ್ ಎನ್ನುತ್ತಾರೆ. ಜೋಡೆತ್ತಿನ ನೇಗಿಲಿನಂತೆ ಎನ್ನೋಣವೆಂದರೆ ನೇಗಿಲಿಗೆ ಅವಮಾನ. ನೇಗಿಲು ಉತ್ತದ್ದು ಬಿತ್ತುವುದಕ್ಕೆ. ಇವರು ಉಳುವುದು ಬಾಚುವುದಕ್ಕೆ.

ಕರಾವಳಿಯ ಒಂದು ಬಂದರಿಗೆ ನಾವು ಹೋಗಿದ್ದೆವು. ಬೆಳಗಿನ ಜಾವ. ಬೋಟುಗಳು ಬಂದು ಮೀನು ಇಳಿಸುತ್ತಿದ್ದವು. ಒಳ್ಳೆಯ ಮೀನು ಬುಟ್ಟಿಗೆ, ಮಂಜುಗಡ್ಡೆಗೆ, ಹರಾಜಿಗೆ. ಪಕ್ಕದಲ್ಲಿ ಇನ್ನೊಂದು ರಾಶಿ. ಅದನ್ನು ಯಾರೂ ಬುಟ್ಟಿಯಲ್ಲಿ ಎತ್ತಲಿಲ್ಲ, ಸಲಿಕೆಯಿಂದ ಲಾರಿಗೆ ತುಂಬಿದರು. "ಇದು ಎಲ್ಲಿಗೆ?" ಎಂದೆವು. "ಫಿಶ್ ಮೀಲ್ ಕಾರ್ಖಾನೆಗೆ" ಎಂದ ಬೋಟಿನ ಆಳು. ಆ ರಾಶಿಯಲ್ಲಿ ಬೆಳೆದಿದ್ದರೆ ಸೇರಿಗೊಂದು ತೂಗುವ ಮೀನಿನ ಮರಿಗಳಿದ್ದವು. ಅವನ್ನು ಒಣಗಿಸಿ ಪುಡಿ ಮಾಡಿ ಕೋಳಿಗೂ ಸಾಕುಸಿಗಡಿಗೂ ಮೇವು ಮಾಡುತ್ತಾರೆ. ಬಡವನ ತಟ್ಟೆಗೆ ಬರಬೇಕಾದ ಮೀನು ಕೋಳಿಯ ಮೇವಾಗಿ, ಕೋಳಿ ಕೊಳ್ಳಬಲ್ಲವನ ತಟ್ಟೆಗೆ ಹೋಗುತ್ತದೆ. ಇದೊಂದು ಅರ್ಥಶಾಸ್ತ್ರ!

ಆರುನೂರೈವತ್ತು ವರ್ಷದ ಹಳೆಯ ದೂರು

ಇದು ಹೊಸ ಮಾತೆಂದು ಯಾರೂ ತಿಳಿಯಬೇಡಿರಿ. 1376ರಲ್ಲಿ ಇಂಗ್ಲೆಂಡಿನ ಮೀನುಗಾರರು ಅಲ್ಲಿನ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. ಹೊಸ ತರಹದ ಒಂದು ಎಳೆಬಲೆ ಬಂದಿದೆ. ಅದರ ಕಣ್ಣು ಎಷ್ಟು ಕಿರಿದೆಂದರೆ ಎಷ್ಟು ಸಣ್ಣ ಮೀನೂ ತಪ್ಪಿಸಿಕೊಳ್ಳಲಾರದು. ನೀರಿನ ತಳದ ಸಸ್ಯವೆಲ್ಲ ನಾಶವಾಗುತ್ತಿದೆ. ಹಿಡಿದ ಮರಿಮೀನನ್ನು ಏನು ಮಾಡಬೇಕೆಂದು ತಿಳಿಯದೆ ಹಂದಿಗಳಿಗೆ ಹಾಕುತ್ತಿದ್ದಾರೆ. ಇದು ಅವರ ದೂರು. ಅಂದು ಹಂದಿ, ಇಂದು ಕೋಳಿ. ಅಷ್ಟೇ ವ್ಯತ್ಯಾಸ.

ದೊರೆಯ ಸರ್ಕಾರ ಏನು ಮಾಡಿತು ಬಲ್ಲಿರಾ? ತಿಳಿದವರ ಸಮಿತಿಯೊಂದು ವಿಚಾರಣೆ ಮಾಡಲಿ ಎಂದಿತು! ಸಮಿತಿ ಹಾಕಿ ಸಮಯ ಕಳೆಯುವ ವಿದ್ಯೆಯನ್ನು ನಮ್ಮ ಮಂತ್ರಿಗಳು ಕಂಡುಹಿಡಿದರೆಂದು ನೀವು ತಿಳಿದಿದ್ದರೆ ಅದು ತಪ್ಪು. ಅದಕ್ಕೂ ಆರು ಶತಮಾನದ ಪರಂಪರೆಯಿದೆ.

ಕೇಳದಿದ್ದರೆ ಏನಾಗುತ್ತದೆಂಬುದನ್ನು ಕೆನಡಾ ದೇಶದ ನ್ಯೂಫೌಂಡ್‌ಲೆಂಡಿನಲ್ಲಿ ನೋಡಬೇಕು. ಅಲ್ಲಿ ಕಾಡ್ ಎಂಬ ಮೀನನ್ನು ಸುಮಾರು ಐನೂರು ವರ್ಷ ಹಿಡಿದು ಜನ ಬದುಕಿದ್ದರು. ದೊಡ್ಡ ಟ್ರಾಲ್ ಹಡಗುಗಳು ಬಂದವು. ದಡದ ಸಣ್ಣ ಮೀನುಗಾರರು ಮೀನು ಕಡಿಮೆಯಾಗುತ್ತಿದೆ ಎಂದು ಕೂಗಿದರು. ಸರ್ಕಾರ ತನ್ನ ಅಂಕಿಗಳನ್ನು ನಂಬಿತು, ಅವರ ಮಾತನ್ನು ನಂಬಲಿಲ್ಲ. 1992ರಲ್ಲಿ ಮೀನೇ ಇಲ್ಲವಾಗಿ ಸರ್ಕಾರವೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಮೂವತ್ತು ವರ್ಷ ದಾಟಿದರೂ ಹಳೆಯ ಸಮೃದ್ಧಿ ಹಿಂದಿರುಗಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ನಮ್ಮಲ್ಲಿ ಇದನ್ನು ತಂದವರು ಯಾರು?

ಟ್ರಾಲ್ ಬಲೆ ತಾನಾಗಿ ಈಜಿಕೊಂಡು ನಮ್ಮ ಕರಾವಳಿಗೆ ಬರಲಿಲ್ಲ. 1952-53ರಲ್ಲಿ ನಾರ್ವೆ ದೇಶದ ನೆರವಿನಿಂದ ಕೇರಳದ ನೀಂಡಕರದಲ್ಲಿ ಮೀನುಗಾರಿಕೆಯ ಯೋಜನೆ ಶುರುವಾಯಿತು. ಬಡ ಮೀನುಗಾರನ ಬಾಳು ಹಸನಾಗಲಿ ಎಂಬುದೇ ಅದರ ಉದ್ದೇಶವಾಗಿತ್ತು. ಆದರೆ ಹೊರದೇಶದಲ್ಲಿ ಸಿಗಡಿಗೆ ಚಿನ್ನದ ಬೆಲೆ ಬಂತು. ಯಂತ್ರದ ದೋಣಿಗಳು ಸಿಗಡಿಯ ಹಿಂದೆ ಬಿದ್ದವು. ಕರಾವಳಿಯ ರಾಜ್ಯ ಸರ್ಕಾರಗಳು ಸಾಲ ಕೊಟ್ಟವು, ಸಹಾಯಧನ ಕೊಟ್ಟವು, ಬಂದರು ಕಟ್ಟಿದವು.

ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಜನ ಸೇರಿ ಬಲೆಯನ್ನು ದಡಕ್ಕೆ ಎಳೆದು, ಬಂದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಊರಿಗೆ ಊರೇ ಅದರಲ್ಲಿ ಬದುಕುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಎಂಬ ಸುತ್ತುಬಲೆ ಬಂತು. ಬೂತಾಯಿ, ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿಯೇ ಸುತ್ತುವರಿದು ಹಿಡಿಯತೊಡಗಿದರು. ರಂಪಣಿಯವರು ಚಳವಳಿ ಮಾಡಿದರು. ಕೊನೆಗೆ ರಂಪಣಿ ದಡದ ಮೇಲೆಯೇ ಒಣಗಿತು. ಅದರ ಪಾಲುದಾರರಲ್ಲಿ ಎಷ್ಟೋ ಮಂದಿ ಮತ್ತೊಬ್ಬರ ಬೋಟಿನಲ್ಲಿ ಆಳುಗಳಾದರು.

ಇದನ್ನು ಅರ್ಥಮಾಡಿಕೊಳ್ಳುವುದು ನಮ್ಮ ಜಿಲ್ಲೆಯವರಿಗೆ ಕಷ್ಟವಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತನನ್ನು, ಮದ್ದೂರು ಮಳವಳ್ಳಿಯ ಕಡೆಯ ಆ ರೈತನನ್ನು ಕೇಳಿರಿ. ಮೇಲಿನವರು ಪಂಪು ಹಾಕಿ ಎತ್ತಿಕೊಂಡರೆ ಕೆಳಗಿನವನಿಗೆ ಒಣ ನಾಲೆ. ಕಡಲಿನಲ್ಲಿ ನಾಡದೋಣಿಯವನು ಎಂದರೆ ಆ ಕೊನೆಯ ಭಾಗದ ರೈತನೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು. ಹುಟ್ಟಿದ ಕೂಡಲೇ ಅದು ಮಳವಳ್ಳಿಯ ಗುಡಿಸಲಿಗೆ ಬರಲಿಲ್ಲ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಸಂಪತ್ತಿನ ಪಕ್ಕದಲ್ಲಿ ಮನೆಯಿದ್ದ ಮಾತ್ರಕ್ಕೆ ಸಂಪತ್ತು ನಮ್ಮದಾಗುವುದಿಲ್ಲ.

ಕಾನೂನಿದೆ, ಹೊಣೆಯಿಲ್ಲ

ಕಾನೂನು ಇಲ್ಲವೆ? ಇದೆ. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬುಲ್ ಟ್ರಾಲ್ ಮತ್ತು ಕಣ್ಣು ಕೋರೈಸುವ ದೀಪ ಹಾಕಿ ಮೀನು ಹಿಡಿಯುವುದು, ಇವೆರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧವಾದ ಮೇಲೂ ಇವು ನಡೆಯುತ್ತಿವೆಯೆಂದು ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಒಂದೇ ಬೋಟು ಎಳೆಯುವ ಸಾಮಾನ್ಯ ಟ್ರಾಲಿಗೆ ಉಳಿದ ಹತ್ತು ತಿಂಗಳು ನಿಷೇಧವಿಲ್ಲ. ಅದಕ್ಕಿರುವುದು ಬಲೆಯ ಕಣ್ಣು ಎಷ್ಟಿರಬೇಕು, ಎಲ್ಲಿ ಎಳೆಯಬೇಕು ಎಂಬ ಕಟ್ಟುಪಾಡು. ಆ ಕಟ್ಟುಪಾಡನ್ನು ನೋಡುವವರು ಯಾರು?

ಇಲ್ಲಿ ಒಂದು ಸೊಗಸಾದ ಆಟವಿದೆ. ದಡದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರಿನವರೆಗಿನ ನೀರಿನ ಮೀನುಗಾರಿಕೆ ರಾಜ್ಯದ್ದು. ಅದರಾಚೆ 200 ಮೈಲಿಯವರೆಗೆ ಕೇಂದ್ರದ್ದು. ಸಂವಿಧಾನದ ಏಳನೆಯ ಪರಿಚ್ಛೇದದಲ್ಲಿ ಒಂದು ಪಟ್ಟಿ ಅವರಿಗೆ, ಒಂದು ಪಟ್ಟಿ ಇವರಿಗೆ. ಬೋಟಿಗೆ ಪಟ್ಟಿ ಗೊತ್ತಿಲ್ಲ, ಮೀನಿಗಂತೂ ಗೊತ್ತೇ ಇಲ್ಲ. ಬೆಂಗಳೂರಿನಲ್ಲಿ ಕೇಳಿದರೆ "ಅದು ಆಚೆಯ ನೀರಿನಲ್ಲಿ ನಡೆದದ್ದು" ಎನ್ನಬಹುದು. ದೆಹಲಿಯಲ್ಲಿ ಕೇಳಿದರೆ "ಬೋಟಿಗೆ ಪರವಾನಗಿ ಕೊಟ್ಟದ್ದು ರಾಜ್ಯ" ಎನ್ನಬಹುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಮೈಷುಗರ್ ಕಾರ್ಖಾನೆಯ ಬಂಧುಗಳಿಗೆ ಈ ರಾಗ ಹೊಸದಲ್ಲ. 1933ರಲ್ಲಿ ಹುಟ್ಟಿದ ಕಂಪನಿಯ ಕಾರ್ಖಾನೆ ನಿಂತಿತು. 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಡುವಣ ವರ್ಷಗಳಲ್ಲಿ ಕಾರಣ ಹೇಳಿದವರು ಬಹಳ ಮಂದಿ. ಹೊಣೆ ಹೊತ್ತವರು ಎಷ್ಟು ಮಂದಿ?

ಸರ್ಕಾರದ ಕೈ ಕಡಲಿನಲ್ಲಿ ಇಲ್ಲವೆನ್ನುವಂತಿಲ್ಲ. ಬೋಟಿನ ಡೀಸೆಲಿಗೆ ನಮ್ಮ ರಾಜ್ಯ ತೆರಿಗೆ ವಿನಾಯಿತಿ ಕೊಡುತ್ತದೆ. ಈ ವಿನಾಯಿತಿ ಡೀಸೆಲಿನ ಮಿತಿಯನ್ನು 2023ರಲ್ಲಿ 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸುವುದಾಗಿ ಬಜೆಟ್ಟಿನಲ್ಲಿ ಹೇಳಿದರು. ಕೊಡಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಬಿಟ್ಟ ಆ ತೆರಿಗೆ ಯಾರದು? ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕೊಡುವ ನಮ್ಮದು, ನಿಮ್ಮದು. ಹಣ ಕೊಟ್ಟವನು ಲೆಕ್ಕ ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನೊಂದು ಲೆಕ್ಕ ನೋಡಿರಿ. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಕರಾವಳಿಯ ಮೂರು ಜಿಲ್ಲೆಗಳಿಂದ ಬರುವವರು 19 ಮಂದಿ. ಮಿಕ್ಕ 205 ಮಂದಿ ನಮ್ಮಂಥ ಒಳನಾಡಿನವರು. ಅದರಲ್ಲಿ ಮಂಡ್ಯ ಜಿಲ್ಲೆಯವರು 7. ಮೀನುಗಾರಿಕೆಯ ಕಾಯಿದೆಗೆ, ಬಜೆಟ್ಟಿಗೆ ಕೈ ಎತ್ತುವವರು ಹೆಚ್ಚಾಗಿ ಕಡಲು ಕಾಣದ ಕ್ಷೇತ್ರದವರೇ. ಹಾಗಾದರೆ ಕಡಲಿನ ಹೊಣೆ ಕರಾವಳಿಯವರದು ಮಾತ್ರವೆ? ನಾವು ಆರಿಸಿ ಕಳಿಸಿದವನು ಅಲ್ಲಿ ಕೈ ಎತ್ತುತ್ತಾನೆ. ಏನಕ್ಕೆ ಎತ್ತಿದೆ ಎಂದು ನಾವು ಇಲ್ಲಿ ಕೇಳುವುದಿಲ್ಲ. ಹೊಣೆಗೇಡಿತನ ಅಲ್ಲಿಂದ ಶುರುವಾಗುವುದಿಲ್ಲ, ಇಲ್ಲಿಂದ ಶುರುವಾಗುತ್ತದೆ.

ಎರಡು ಎಚ್ಚರಿಕೆ

ಇಲ್ಲಿ ಎರಡು ಮಾತನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ಕಡಲಿನ ಕೇಡಿಗೆಲ್ಲ ಎಳೆಬಲೆಯೊಂದೇ ಕಾರಣವೆಂದು ಹೇಳಿದರೆ ಸುಳ್ಳಾಗುತ್ತದೆ. ಬೂತಾಯಿಯನ್ನು ನೋಡಿರಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಬೂತಾಯಿ 2021ರಲ್ಲಿ 3,300 ಟನ್ನಿಗೆ ಇಳಿಯಿತು. ಬೂತಾಯಿ ಮೇಲಿನ ನೀರಿನ ಮೀನು. ಕಡಲಿನ ನೀರು ಕಾಯುವುದು, ಮಳೆ ಏರುಪೇರಾಗುವುದು ಇವೂ ಅದನ್ನು ಆಡಿಸುತ್ತವೆ. ವಿರೋಧಿ ಒಂದು ಸುಳ್ಳನ್ನು ಹಿಡಿದರೆ ನಮ್ಮ ಹತ್ತು ಸತ್ಯಗಳನ್ನು ಹೊಡೆದುಹಾಕುತ್ತಾನೆ. ಆದ್ದರಿಂದ ಅಳತೆ ಮೀರಿ ಮಾತಾಡಬಾರದು. ಆದರೆ ಪ್ರಕೃತಿ ಒಂದು ಕಡೆ ಹೊಡೆಯುತ್ತಿರುವಾಗ ಮರಿಯನ್ನಾದರೂ ಉಳಿಸಿಕೊಳ್ಳಬೇಕೋ ಬೇಡವೋ?

ಎರಡನೆಯದು, ನಮ್ಮ ಜಗಳ ಟ್ರಾಲ್ ಬೋಟಿನ ಆಳಿನ ಮೇಲಲ್ಲ. ಆ ಬೋಟುಗಳಲ್ಲಿ ದುಡಿಯುವವರಲ್ಲಿ ಆಂಧ್ರ, ಒಡಿಶಾ, ಜಾರ್ಖಂಡಿನಿಂದ ಬಂದ ಬಡವರಿದ್ದಾರೆ. ವಾರಗಟ್ಟಲೆ ಅಲೆಯ ಮೇಲೆ ಜೀವ ಹಿಡಿದು ದುಡಿಯುತ್ತಾರೆ. ಬೋಟಿನ ಮಾಲೀಕರಲ್ಲಿಯೂ ಹೆಂಡತಿಯ ಒಡವೆ ಅಡವಿಟ್ಟು ಸಾಲ ತೀರಿಸುತ್ತಿರುವ ಮೀನುಗಾರರೇ ಇದ್ದಾರೆ. ನಾಡದೋಣಿಯವನಿಗೂ ಬೋಟಿನ ಆಳಿಗೂ ಜಗಳ ಹಚ್ಚಿ, ಬಡವ ಬಡವನನ್ನು ಹೊಡೆಯುವಾಗ ದೂರ ನಿಂತು ನೋಡುವವರು ಬೇರೆ ಇದ್ದಾರೆ. ಸಾಲ ಕೊಟ್ಟು ಈ ದಾರಿಗೆ ಎಳೆದವರು, ದಾರಿ ತಪ್ಪಿದಾಗ ಕಾಣೆಯಾದವರು, ಅವರನ್ನು ನಾವು ಕೇಳುತ್ತಿದ್ದೇವೆ.

ಹೋರಾಟದಿಂದ ಏನೂ ಆಗುವುದಿಲ್ಲವೆಂಬ ನಿರಾಶೆಯೂ ಬೇಡ. ಕೇರಳದ ಮೀನುಗಾರರು ವರ್ಷಗಟ್ಟಲೆ ಸತ್ಯಾಗ್ರಹ, ಉಪವಾಸ ಮಾಡಿ 1988ರಲ್ಲಿ ಮಳೆಗಾಲದ ಟ್ರಾಲ್ ನಿಷೇಧವನ್ನು ಪಡೆದರು. ಅಲ್ಲಿಯೂ ಸಮಿತಿಯ ಮೇಲೆ ಸಮಿತಿ ಬಂದಿತ್ತು, ಜನ ಬಿಡಲಿಲ್ಲ. 2015ರಲ್ಲಿ ಅಲ್ಲಿನ ಸರ್ಕಾರ ಕೆಲವು ಜಾತಿಯ ಮೀನುಗಳಿಗೆ ಇಷ್ಟು ಉದ್ದಕ್ಕಿಂತ ಸಣ್ಣದನ್ನು ಹಿಡಿಯಬಾರದೆಂಬ ಅಳತೆ ತಂದಿತು. ಇಂಡೋನೇಷ್ಯಾ 1980ರಲ್ಲಿ ತನ್ನ ಮುಖ್ಯ ದ್ವೀಪಗಳ ಸುತ್ತ ಟ್ರಾಲನ್ನೇ ನಿಲ್ಲಿಸಿತು. ಶ್ರೀಲಂಕಾ 2017ರಲ್ಲಿ ತಳ ಕೆರೆಯುವ ಬಲೆಯನ್ನು ಕಾಯಿದೆ ಮಾಡಿ ನಿಷೇಧಿಸಿತು. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ನದಿ, ಕಾಡು, ಕಡಲು ಮುಂತಾದ ಪ್ರಕೃತಿ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ದೇವಸ್ಥಾನದ ಧರ್ಮದರ್ಶಿ ಹುಂಡಿಯ ಲೆಕ್ಕ ಕೊಡಬೇಕಾದರೆ ಕಡಲಿನ ಧರ್ಮದರ್ಶಿ ಏಕೆ ಕೊಡಬಾರದು?

ನಾವು ಕೇಳುವುದು ಇಷ್ಟು

ಒಂದು: ಪ್ರತಿಯೊಂದು ಮೀನುಗಾರಿಕಾ ಬಂದರಿನಲ್ಲಿಯೂ ತಿಂಗಳಿಗೊಮ್ಮೆ ಬೋರ್ಡಿನ ಮೇಲೆ ಬರೆಯಲಿ. ಎಷ್ಟು ಬೋಟು ತಪಾಸಣೆಯಾಯಿತು, ಎಷ್ಟು ಮೊಕದ್ದಮೆ, ಎಷ್ಟು ದಂಡ ವಸೂಲು. ಎಷ್ಟು ಟನ್ ಹಿಡಿದೆವೆಂದು ಹೆಮ್ಮೆಯಿಂದ ಹೇಳುವ ಇಲಾಖೆ ಎಷ್ಟು ಉಳಿಸಿದೆವೆಂದೂ ಹೇಳಲಿ.

ಎರಡು: ವ್ಯಾಪಾರಿ ಮಿತ್ರರೆ, ನಿಮ್ಮ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ತೂಕ ಕಡಿಮೆಯಾದರೆ ಸಂತೆಯಲ್ಲಿಯೇ ದಂಡ ಹಾಕುತ್ತಾರೆ. ಬಲೆಯ ಕಣ್ಣಿಗೂ ಅದೇ ರೀತಿ ಅಳತೆ, ಅದೇ ರೀತಿ ಮುದ್ರೆ ಇರಲಿ. ನಡುಗಡಲಿನಲ್ಲಿ ಹಿಡಿಯಲಾರೆವು ಎನ್ನುವವರು ಬಲೆ ಮಾರುವ ಅಂಗಡಿಯಲ್ಲಿ, ಬಂದರಿನ ಕಟ್ಟೆಯಲ್ಲಿ ಹಿಡಿಯಬಹುದಲ್ಲ!

ಮೂರು: ತೆರಿಗೆಯಿಲ್ಲದ ಡೀಸೆಲು ಕಾನೂನು ಪಾಲಿಸಿದ ಬೋಟಿಗೆ ಮಾತ್ರ. ಯಾವ ಬೋಟಿಗೆ ಎಷ್ಟು ಹೋಯಿತೆಂಬ ಪಟ್ಟಿ ಬಹಿರಂಗವಾಗಲಿ.

ನಾಲ್ಕು: ಮರಿಮೀನು ಹಿಡಿದವನಿಗೆ ಮಾತ್ರವಲ್ಲ, ಲಾರಿಗಟ್ಟಲೆ ಕೊಂಡ ಕಾರ್ಖಾನೆಗೂ ದಂಡವಾಗಲಿ. ಕದ್ದ ಮಾಲು ಕೊಂಡವನು ನಿರಪರಾಧಿಯೆಂದು ಯಾವ ನ್ಯಾಯದಲ್ಲಿಯೂ ಇಲ್ಲ.

ಐದು: ತಳ ಕೆರೆಯುವ ಬೋಟುಗಳನ್ನು ವರ್ಷ ವರ್ಷ ಕಡಿಮೆ ಮಾಡುವ ಯೋಜನೆಯನ್ನು ಮಂತ್ರಿಗಳು ಸದನದಲ್ಲಿ ತಾರೀಖು ಸಮೇತ ಇಡಲಿ. ಬೋಟಿನ ಆಳು, ಸಾಲಗಾರ ಮಾಲೀಕ, ಇವರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಟ್ಟು ಈ ಕೆಲಸ ಆಗಲಿ. ಯಾರ ಹೊಟ್ಟೆಯ ಮೇಲೂ ಹೊಡೆಯದೆ ಆಗಲಿ. ತಾರೀಖು ತಪ್ಪಿದರೆ ಏಕೆ ತಪ್ಪಿತೆಂದು ಅದೇ ಸದನದಲ್ಲಿ ಎದ್ದು ನಿಂತು ಹೇಳಲಿ.

ಇದರಲ್ಲಿ ಕ್ರಾಂತಿ ಏನಿದೆ? ಕಿರಾಣಿ ಅಂಗಡಿಯವನು ದಿನಾ ಸಂಜೆ ತನ್ನ ಖಾತೆ ಪುಸ್ತಕಕ್ಕೆ ಮಾಡುವುದನ್ನು ಸರ್ಕಾರ ಕಡಲಿಗೆ ಮಾಡಲಿ ಎನ್ನುತ್ತಿದ್ದೇವೆ.

ಬಂಧುಗಳೆ, 1938ರಲ್ಲಿ ಇದೇ ಮದ್ದೂರಿನ ಶಿವಪುರದಲ್ಲಿ ನಿಷೇಧವನ್ನು ಮುರಿದು ಬಾವುಟ ಏರಿಸಿದರು. ಅಂದಿನ ಮೈಸೂರಿನ ಜನ ಕೇಳಿದ್ದು ಏನನ್ನು? ಜವಾಬ್ದಾರಿ ಸರ್ಕಾರವನ್ನು. ಬರೀ ಸರ್ಕಾರವನ್ನಲ್ಲ, ಸರ್ಕಾರ ಆಗಲೂ ಇತ್ತು. ಜನಕ್ಕೆ ಉತ್ತರ ಹೇಳುವ ಸರ್ಕಾರವನ್ನು ಕೇಳಿದರು. ಆ ಎರಡು ಪದಗಳಲ್ಲಿ ಸರ್ಕಾರ ನಮಗೆ ಸಿಕ್ಕಿದೆ. ಜವಾಬ್ದಾರಿಯನ್ನು ಇನ್ನೂ ವಸೂಲು ಮಾಡಬೇಕಾಗಿದೆ.

ಮುಂದಿನ ಸಲ ಶಾಸಕರು ನಿಮ್ಮ ಬೀದಿಗೆ ಬಂದಾಗ ಚರಂಡಿ ಕೇಳಿರಿ, ಕಬ್ಬಿನ ಬಾಕಿ ಕೇಳಿರಿ, ನಾಲೆಯ ನೀರು ಕೇಳಿರಿ. ಅವೆಲ್ಲದರ ಜೊತೆಗೆ ಇದನ್ನೂ ಒಂದು ಮಾತು ಕೇಳಿರಿ: "ಸ್ವಾಮಿ, ಕಡಲಿನ ತಳ ಕೆರೆಯುವವರ ವಿಷಯದಲ್ಲಿ ಸದನದಲ್ಲಿ ನೀವು ಏನು ಮಾತಾಡಿದಿರಿ?" ಅವರು ನಕ್ಕರೆ ನಗಲಿ. ಎರಡನೆಯ ಬೀದಿಯಲ್ಲಿಯೂ ಅದನ್ನೇ ಕೇಳಿದರೆ ನಗು ಕಡಿಮೆಯಾಗುತ್ತದೆ. ಮೂರನೆಯ ಬೀದಿಯಲ್ಲಿ ಕೇಳಿದರೆ ಕಾಗದ ತೆಗೆದು ಬರೆದುಕೊಳ್ಳುತ್ತಾರೆ.

ಕರಾವಳಿಯ ನಾಡದೋಣಿಯವನಿಗೆ ಮಂಡ್ಯದಲ್ಲಿ ನೆಂಟರಿಲ್ಲ. ನಾವು ಈ ಒಂದು ಮಾತನ್ನು ಕೇಳಿದರೆ ಇದ್ದಾರೆಂದಾಗುತ್ತದೆ. ನಾಳೆ ನಮ್ಮ ನಾಲೆಗೆ, ನಮ್ಮ ಕಾರ್ಖಾನೆಗೆ ಸಂಕಟ ಬಂದಾಗ ಅವನೂ ತನ್ನ ಊರಿನಲ್ಲಿ ನಮ್ಮ ಪರವಾಗಿ ಒಂದು ಮಾತು ಕೇಳಲಿ. ಬಡವರ ಒಗ್ಗಟ್ಟು ಎಂದು ನಾವು ಹೇಳುವುದು ಇದನ್ನೇ.